ಮೂಲಂಗಿ ನೀರು

ಕಾನ್‌ಸ್ಟೇಬಲ್ ಗಾವ್ರಿಲೊ ಮೆಟ್ಟಿಲ ಮೇಲೆ ಎರಡನೇ ಸಲ ವಾಂತಿ ಮಾಡಿಕೊಂಡ.

ಇನ್‌ಸ್ಪೆಕ್ಟರ್ ನೆವೆಂಕಾ ಗ್ರುಯಿಚ್ ಹಿಂತಿರುಗಿ ನೋಡಲಿಲ್ಲ. ಮೂಗಿಗೆ ಒತ್ತಿ ಹಿಡಿದಿದ್ದ ಕರವಸ್ತ್ರವನ್ನು ವಿನೆಗರ್‌ನಲ್ಲಿ ಅದ್ದಿ ತಂದಿದ್ದಳು. ನೆಲಮಾಳಿಗೆಗೆ ಇಳಿದ ಎರಡೇ ನಿಮಿಷದಲ್ಲಿ ಆ ಹುಳಿಯೂ ಇಲ್ಲಿನ ನಾತದಲ್ಲೇ ಸೇರಿಹೋಗಿತ್ತು.

ಗೋಣಿಚೀಲದಲ್ಲಿ ಕಟ್ಟಿಟ್ಟು ತಿಂಗಳುಗಟ್ಟಲೆ ಮರೆತ ಮೂಲಂಗಿಯ ವಾಸನೆ. ಅದರ ಮೇಲೆ ಗಂಧಕ ಸುಟ್ಟ ಘಾಟು. ಇವೆರಡರ ಅಡಿಯಲ್ಲಿ ಇನ್ನೂ ಒಂದಿತ್ತು, ಸಿಹಿಸಿಹಿಯಾಗಿ, ಜಿಡ್ಡುಜಿಡ್ಡಾಗಿ. ಅದೇನೆಂದು ನೆವೆಂಕಾ ತನಗೆ ತಾನೇ ಹೇಳಿಕೊಳ್ಳಲು ಹೋಗಲಿಲ್ಲ.

ಮೊನ್ನೆ ಬುಧವಾರ ಬೆಳಗ್ಗೆ ಹನ್ನೊಂದೂಕಾಲಿಗೆ ಉಗ್ರಾಣದ ಮೇಸ್ತ್ರಿ ತಿಹೊಮಿರ್ ಇಲ್ಲೇ, ಕಾರ್ಖಾನೆಯ ಮೂರು ಟ್ಯಾಂಕು ನೆಲಮಾಳಿಗೆಗಳಲ್ಲಿ ಮೊದಲನೆಯದರಲ್ಲಿ, ಸುಟ್ಟು ಸತ್ತಿದ್ದ. ಕುಡಿದ ಅಮಲಿನಲ್ಲಿ ಸಿಗರೇಟು ಹಚ್ಚಿದನೆಂದು ಯಾಸೆನಿಕ್ ರೇಯಾನ್ ಕಾರ್ಖಾನೆ ಒಂದು ಹಾಳೆಯ ವರದಿ ಬರೆದು ಕೈತೊಳೆದುಕೊಂಡಿತ್ತು.

ಗೋಡೆಗೆಲ್ಲ ಹಳದಿ ಹುಡಿ ಮೆತ್ತಿಕೊಂಡಿತ್ತು. ಬೆರಳು ತಾಗಿಸಿದರೆ ಅಂಟಿಕೊಳ್ಳುತ್ತಿತ್ತು, ಒರೆಸಿದರೆ ಹೋಗುತ್ತಿರಲಿಲ್ಲ.

"ಅದು ಗಂಧಕ. ಮುಖಕ್ಕೆ ಕೈ ಮುಟ್ಟಿಸ್ಕೋಬೇಡಿ," ಎಂದಳು ಪಕ್ಕದಲ್ಲಿ ಟಾರ್ಚು ಹಿಡಿದಿದ್ದ ರಾದೊಯ್ಕಾ.

ರಾದೊಯ್ಕಾ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದವಳು. ನಲವತ್ತಾರರ ಗಿಡ್ಡ ಹೆಂಗಸು, ತಲೆಗೆ ಬಿಗಿಯಾಗಿ ಕಟ್ಟಿದ ವಸ್ತ್ರ, ಕಾಲಿಗೆ ರಬ್ಬರ್ ಬೂಟು. ಇಳಿಯುವ ಮುಂಚೆ ಪೊಲೀಸರಿಬ್ಬರ ಜೇಬನ್ನೂ ಅವಳೇ ತಡಕಿ ಬೆಂಕಿಪೊಟ್ಟಣ ಕಿತ್ತುಕೊಂಡಿದ್ದಳು. ಗಾವ್ರಿಲೊನ ಬೂಟಿನಡಿ ಕಬ್ಬಿಣದ ಮೊಳೆ ಕಂಡು, ಅವನ್ನು ಬಿಚ್ಚಿಸಿ ಬಟ್ಟೆಯ ಚಪ್ಪಲಿ ಹಾಕಿಸಿದ್ದಳು. ಕಿಡಿ ಹಾರಿದರೆ ನಿನ್ನ ಹೆಂಡತಿಗೆ ನಿನ್ನನ್ನು ಬಕೆಟ್ಟಿನಲ್ಲಿ ಕಳಿಸಬೇಕಾಗುತ್ತೆ ಎಂದು ನಗದೆ ಹೇಳಿದ್ದಳು.

ಕಾರ್ಬನ್ ಡೈಸಲ್ಫೈಡ್ ಎಂಬ ಹೆಸರನ್ನು ಇಲ್ಲಿ ಯಾರೂ ಪೂರ್ತಿ ಹೇಳುತ್ತಿರಲಿಲ್ಲ. ಮರದ ತಿರುಳನ್ನು ಕರಗಿಸಿ ರೇಷ್ಮೆಯಂಥ ನೂಲು ತೆಗೆಯುವುದಕ್ಕೆ ಅದು ಬೇಕೇಬೇಕು; ಕೆಲಸಗಾರರ ಬಾಯಲ್ಲಿ ಅದು ಮೂಲಂಗಿ ನೀರು. ನೋಡುವುದಕ್ಕೂ ನೀರೇ. ಆದರೆ ಬೆಚ್ಚಗಿನ ದಿನ ಬಟ್ಟಲಲ್ಲಿಟ್ಟರೆ ಕಣ್ಣೆದುರೇ ಆರಿಹೋಗುತ್ತದೆ. ಅದರ ಹಬೆ ಗಾಳಿಗಿಂತ ಎರಡೂವರೆ ಪಟ್ಟು ಭಾರ, ಮೇಲೇರುವುದಿಲ್ಲ, ನೆಲ ಹಿಡಿದು ಹರಿಯುತ್ತದೆ.

"ಇದಕ್ಕೆ ಬೆಂಕಿನೇ ಬೇಕಂತಿಲ್ಲ," ಎಂದಳು ರಾದೊಯ್ಕಾ. "ಕುದಿಯೋ ನೀರಿನಷ್ಟು ಬಿಸಿ ಇರೋ ಕಬ್ಬಿಣ ತಾಗಿದ್ರೂ ಸಾಕು, ಹತ್ಕೊಳ್ಳುತ್ತೆ. ಜ್ವಾಲೆ ನೀಲಿ. ಹಗಲಲ್ಲಿ ಸರಿಯಾಗಿ ಕಾಣ್ಸೋದೂ ಇಲ್ಲ."

"ಮತ್ತೆ ಇಷ್ಟು ವರ್ಷ ಹೇಗೆ ಇಟ್ಕೊಂಡಿದ್ರಿ?"

"ನೀರಿನ ಕೆಳಗೆ. ಎಣ್ಣೆ ನೀರಲ್ಲಿ ತೇಲುತ್ತೆ, ಇದು ಮುಳುಗುತ್ತೆ. ಟ್ಯಾಂಕಿನಲ್ಲಿ ಇದರ ಮೇಲೆ ಒಂದು ಮೊಳ ನೀರು ನಿಲ್ಸಿರ್ತೀವಿ. ಆ ನೀರಿರೋತನಕ ಇದು ಸತ್ತ ಹಾವು."

ನೆವೆಂಕಾ ಟಾರ್ಚು ಕೇಳಿ ಪಡೆದು ಟ್ಯಾಂಕಿನ ಸುತ್ತ ಬಂದಳು. ಮುಚ್ಚಳ ಒಂದು ಕಡೆ ಸೊಟ್ಟಗೆ ಬಿದ್ದಿತ್ತು. ಟ್ಯಾಂಕಿನ ಮೇಲ್ಭಾಗದಲ್ಲಿ, ಆ ನೀರು ನಿಲ್ಲುವ ಎತ್ತರದಲ್ಲಿ, ಹಿತ್ತಾಳೆಯ ನಲ್ಲಿಯಿತ್ತು. ಅದರ ತಿರುಪು ಪೂರ್ತಿ ಹೊರಗೆ ಬಂದಿತ್ತು. ಅಗ್ನಿಶಾಮಕದವರು ತೆರೆದಿರಬಹುದು ಎಂದು ಕಾರ್ಖಾನೆಯವರು ಹೇಳಿದ್ದರು.

ಅವಳು ಕರವಸ್ತ್ರದ ಮೂಲೆಯಿಂದ ತಿರುಪಿನ ಎಳೆಗಳನ್ನು ಉಜ್ಜಿದಳು. ಎಳೆಎಳೆಯ ಸಂದಿನಲ್ಲೂ ಮಸಿ ಕೂತಿತ್ತು. ಬೆಂಕಿ ಹತ್ತಿದಾಗ ತಿರುಪು ಒಳಗಿದ್ದಿದ್ದರೆ ಎಳೆಗಳು ಹೊಳೆಯಬೇಕಿತ್ತು. ಬೆಂಕಿಗೂ ಮುಂಚೆಯೇ ಯಾರೋ ನಲ್ಲಿ ತಿರುವಿ, ಆ ಒಂದು ಮೊಳ ನೀರನ್ನು ಚರಂಡಿಗೆ ಬಿಟ್ಟಿದ್ದರು.

ಹಾವಿನ ಮೇಲಿನ ಬುಟ್ಟಿಯನ್ನು ಯಾರೋ ಬೇಕೆಂದೇ ಎತ್ತಿದ್ದರು.

ಎದುರಿನ ಗೋಡೆಯ ಬುಡದಲ್ಲಿ ದಪ್ಪನೆಯ ಹಬೆ ಪೈಪು ಹಾದುಹೋಗಿತ್ತು. ಪಕ್ಕದ ಕೋಣೆಯ ಕಾಸ್ಟಿಕ್ ಸೋಡಾ ದ್ರಾವಣ ಚಳಿಗೆ ಹೆಪ್ಪುಗಟ್ಟದಿರಲೆಂದು ಎರಡು ವರ್ಷದ ಹಿಂದೆ ಎಂಜಿನಿಯರ್ ಶ್ಕೋರಿಚ್ ಎಳೆಸಿದ್ದು. ಮೈಗೆ ಆಸ್ಬೆಸ್ಟಾಸ್ ಸುತ್ತಿದರೆ ಏನೂ ಆಗುವುದಿಲ್ಲವೆಂದು ಆಗ ಹೇಳಿದ್ದನಂತೆ. ಟ್ಯಾಂಕಿನ ಎದುರಿಗೆ ಸರಿಯಾಗಿ ಎರಡು ಅಡಿ ಉದ್ದಕ್ಕೆ ಆ ಸುತ್ತು ಇರಲಿಲ್ಲ, ಪೈಪು ಬೆತ್ತಲಾಗಿತ್ತು.

ನೆವೆಂಕಾ ಮಂಡಿಯೂರಿದಳು. ಸುತ್ತಿನ ಅಂಚು ಹರಿದಿರಲಿಲ್ಲ, ಕಿತ್ತುಬಂದಿರಲಿಲ್ಲ. ಬೆಣ್ಣೆಯಲ್ಲಿ ಚಾಕು ಆಡಿಸಿದಂತೆ ನೇರ. ಆಸ್ಬೆಸ್ಟಾಸ್ ಸುಡುವುದಿಲ್ಲ, ಬಿದ್ದಿದ್ದರೆ ಇಲ್ಲೇ ಇರಬೇಕು. ನೆಲದ ಮೇಲಿನ ಕಪ್ಪು ಲೋಳೆಯನ್ನು ಕೋಲಿನಿಂದ ಕೆದಕಿದಳು. ಆ ತುಂಡು ಸಿಗಲಿಲ್ಲ. ಸಿಕ್ಕಿದ್ದು ಬಾರು ಸುಟ್ಟುಹೋದ ಒಂದು ಕೈಗಡಿಯಾರ. ಅದರ ಬೆನ್ನಿಗೆ ಏನೋ ಅಂಟಿಕೊಂಡಿತ್ತು. ನೆವೆಂಕಾ ಅದನ್ನು ಕಾಗದದಲ್ಲಿ ಸುತ್ತಿದಳು. ಗಡಿಯಾರದ ಪಕ್ಕದಲ್ಲಿ ಒಂದು ಹಿತ್ತಾಳೆ ಸರಪಳಿ, ಅದರ ತುದಿಗೆ ಒಡೆದ ಸೀಸೆಯ ಕತ್ತು. ಮೇಸ್ತ್ರಿಯ ಸಾಮಾನಿರಬೇಕೆಂದು ಅದನ್ನೂ ಸುತ್ತಿಟ್ಟಳು.

ಮೇಲೆದ್ದಾಗ ರಾದೊಯ್ಕಾ ಆ ಸರಪಳಿಯನ್ನೇ ನೋಡುತ್ತಿದ್ದಳು. ಗಾವ್ರಿಲೊನ ಕಡೆಗೊಮ್ಮೆ ಕಣ್ಣು ಹಾಯಿಸಿ, ಮೆಟ್ಟಿಲ ಕಡೆ ನಡೆದಳು.

ಅಂಗಳದಲ್ಲಿ ಹಾಲಿನ ಸಾಲು ನಿಂತಿತ್ತು. ನೂಲಿನ ವಿಭಾಗದವರಿಗೆ ದಿನಕ್ಕೆ ಅರ್ಧ ಲೀಟರ್ ಹಾಲು, ವಿಷ ಇಳಿಯುವುದಕ್ಕೆ. ಸಾಲಿನಲ್ಲಿದ್ದವನೊಬ್ಬ ಲೋಟ ಹಿಡಿದ ಕೈ ನಡುಗಿ ಅರ್ಧ ಹಾಲನ್ನು ಅಂಗಿಯ ಮೇಲೆ ಚೆಲ್ಲಿಕೊಂಡ. ಯಾರೂ ನಗಲಿಲ್ಲ. ಅವನ ಹಿಂದಿದ್ದವನೂ ತನ್ನ ಲೋಟವನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದ.

ನಲ್ಲಿಯ ಹತ್ತಿರ ಕೈ ತೊಳೆಯುತ್ತ ರಾದೊಯ್ಕಾ ತನ್ನ ಗಂಡನ ಮಾತೆತ್ತಿದಳು. ಸ್ರೆತೆನ್ ಹದಿನಾಲ್ಕು ವರ್ಷ ನೂಲಿನ ಯಂತ್ರದ ಮುಂದೆ ನಿಂತವನು. ಮೊದಲು ಕೆಟ್ಟ ಕನಸು ಬೀಳತೊಡಗಿದವು. ಆಮೇಲೆ ಅಂಗಾಲು ಜೋಮು ಹಿಡಿಯಿತು. ಆಮೇಲೆ ಮಕ್ಕಳ ಹೆಸರು ಮರೆತ. ಒಂದು ಬೆಳಗ್ಗೆ ಕನ್ನಡಿಯೊಳಗಿದ್ದವನು ತನ್ನನ್ನು ಅಣಕಿಸುತ್ತಿದ್ದಾನೆಂದು ಅದನ್ನು ಮುಷ್ಟಿಯಿಂದ ಗುದ್ದಿ ಗುದ್ದಿ ಪುಡಿ ಮಾಡಿದ. ಕಾರ್ಖಾನೆಯ ಡಾಕ್ಟರು ಕಾಗದದಲ್ಲಿ ಬರೆದಿದ್ದು ಒಂದೇ ಪದ: ಕುಡುಕ.

"ಹೊಟ್ಟೆ ಹುಣ್ಣಿತ್ತು ಅವನಿಗೆ. ನಮ್ಮ ಮದುವೆ ದಿನಾನೂ ರಾಕಿಯಾ ಹೆಂಡ ತುಟಿಗೆ ಸೋಕಿಸಿದವನಲ್ಲ," ಎಂದಳು. "ಇದು ಮೂಗಿಂದ ಹೋಗುತ್ತೆ, ಚರ್ಮದಿಂದಾನೂ ಹೋಗುತ್ತೆ. ನೆತ್ತಿಗೆ ಹತ್ತುತ್ತೆ, ನರಕ್ಕೆ ಇಳಿಯುತ್ತೆ. ಅದಕ್ಕೆ ಇವರು ಹಾಲು ಕುಡಿಸ್ತಾರೆ. ಬೆಕ್ಕಿಗೆ ಹಾಕಿದ್ರೆ ಅದಾದ್ರೂ ಹರಸುತ್ತಿತ್ತು."

ನೆವೆಂಕಾ ಸಾಬೂನನ್ನು ಮೂರನೇ ಸಲ ಹಚ್ಚಿಕೊಂಡಳು. ನಾತ ಉಗುರಿನೊಳಗೆ ಕೂತಿತ್ತು. ಬುಧವಾರ ನೀವೆಲ್ಲಿದ್ದಿರಿ ಎಂದು ಕೇಳಿದಳು. ಹುಚ್ಚಾಸ್ಪತ್ರೆಯಲ್ಲಿ ಗಂಡನನ್ನು ನೋಡಲು ಹೋಗಿದ್ದೆ, ಮಂಗಳವಾರ ಸಂಜೆ ಇದ್ದಕ್ಕಿದ್ದಂತೆ ಅಲ್ಲಿಂದ ಕರೆ ಬಂದಿತ್ತು ಎಂದಳು ರಾದೊಯ್ಕಾ. ಹಾಗೆ ಹೇಳುವಾಗ ಅವಳ ಗಲ್ಲ ಅದುರಿತು. ಉಳಿದದ್ದನ್ನು ಇಲ್ಲಿ ಹೇಳುವಂತಿಲ್ಲ, ಮಧ್ಯಾಹ್ನ ಮನೆಗೆ ಬನ್ನಿ ಎಂದು ಮೆಲ್ಲಗೆ ಸೇರಿಸಿ, ಕಚೇರಿ ಕಟ್ಟಡದ ಮೂರನೇ ಮಹಡಿಯತ್ತ ಒಮ್ಮೆ ಕಣ್ಣೆತ್ತಿ, ಹೊರಟುಹೋದಳು.

ಆ ಮೂರನೇ ಮಹಡಿಯಲ್ಲಿ ಎಂಜಿನಿಯರ್ ಬೊಗ್ದಾನ್ ಶ್ಕೋರಿಚ್ ಊಟಕ್ಕೆ ಕೂತಿದ್ದ.

ಕೋಣೆಯಲ್ಲಿ ಮೂಲಂಗಿಯ ವಾಸನೆ ಒಂದಿಷ್ಟೂ ಇರಲಿಲ್ಲ. ಮೇಜಿನ ಮೇಲೆ ಡಬ್ಬಿ ಮೀನು, ಬಿಳಿ ರೊಟ್ಟಿ, ಹುಳಿ ಎಲೆಕೋಸು. ಐವತ್ತರ ಆಸುಪಾಸಿನ ಗುಂಡುಗುಂಡಗಿನ ಮನುಷ್ಯ, ಅಂಗಿಯ ತೋಳಿನ ಅಂಚು ಹಾಲಿನಷ್ಟು ಬಿಳುಪು. ಡಬ್ಬಿಯ ತಳದ ಎಣ್ಣೆಯನ್ನು ರೊಟ್ಟಿಯ ತುಂಡಿನಿಂದ ಬಳಿದು ಬಳಿದು ತಿನ್ನುತ್ತಿದ್ದ. ಅವಳಿಗೂ ಒಂದು ಮೀನು ಎತ್ತಿ ಚಾಚಿದ. ನೆವೆಂಕಾ ಬೇಡವೆಂದು ತಲೆಯಾಡಿಸಿ ಕುರ್ಚಿ ಎಳೆದುಕೊಂಡಳು.

ನಲ್ಲಿಯ ವಿಷಯ ಹೇಳಿದಳು. ತಿಹೊಮಿರ್ ಮರೆತು ತೆರೆದಿಟ್ಟಿರಬಹುದು ಎಂದ. ಪೈಪಿನ ವಿಷಯ ಹೇಳಿದಳು. ರಿಪೇರಿಗೆಂದು ಬಿಚ್ಚಿರಬಹುದು ಎಂದ. ಬಿಚ್ಚಿದ ತುಂಡು ಎಲ್ಲಿ ಎಂದು ಕೇಳಿದರೆ, ಮೂರು ಸಾವಿರ ಜನ ಓಡಾಡುವ ಜಾಗದಲ್ಲಿ ಒಂದು ತುಂಡು ಆಸ್ಬೆಸ್ಟಾಸ್ ಯಾರಿಗೆ ಗೊತ್ತು ಎಂದು ಬೆರಳು ನೆಕ್ಕಿಕೊಂಡ.

"ಕುಡುಕ ಏನು ಬೇಕಾದ್ರೂ ಮಾಡ್ತಾನೆ, ಕಾಮ್ರೇಡ್ ಇನ್‌ಸ್ಪೆಕ್ಟರ್."

"ಅವನ ಹೊಟ್ಟೆ ಕುಯ್ದು ನೋಡಿದ್ದಾರೆ. ಸಿಕ್ಕಿದ್ದು ರೊಟ್ಟಿ, ಹಾಲು."

ಶ್ಕೋರಿಚ್ ಅಗಿಯುವುದನ್ನು ನಿಲ್ಲಿಸಲಿಲ್ಲ. ಅವನ ಗಲ್ಲದ ಮೇಲೆ ಎಣ್ಣೆಯ ಒಂದು ಗೆರೆ ಇಳಿಯುತ್ತಿತ್ತು. ನೆವೆಂಕಾ ಅದರಿಂದ ಕಣ್ಣು ಕೀಳಲು ನೋಡಿದಳು, ಆಗಲಿಲ್ಲ.

ಇಂಥವರನ್ನು ಅವಳು ಬಹಳ ಕಂಡಿದ್ದಳು. ಗದರಿದರೆ ಬಾಯಿ ಹೊಲಿದುಕೊಳ್ಳುತ್ತಾರೆ, ಪಾಠ ಹೇಳಲು ಬಿಟ್ಟರೆ ನಿಲ್ಲಿಸುವುದೇ ಇಲ್ಲ. ಆದ್ದರಿಂದ ದನಿ ತಗ್ಗಿಸಿ, ತಾನು ಓದಿದ್ದು ಕಾನೂನು, ಈ ರಸಾಯನಶಾಸ್ತ್ರ ತಲೆಗೆ ಹತ್ತುತ್ತಿಲ್ಲ, ನೀರು ತೆಗೆದರೆ ನಿಜಕ್ಕೂ ಏನಾಗುತ್ತದೆ ಎಂದು ಕೇಳಿದಳು.

ಶ್ಕೋರಿಚ್ ಕೈ ಒರೆಸಿಕೊಂಡ. ಕುರ್ಚಿಗೆ ಒರಗಿದ. ತಟ್ಟೆಯನ್ನೇ ಟ್ಯಾಂಕು ಮಾಡಿ, ಫೋರ್ಕನ್ನು ಪೈಪು ಮಾಡಿ ವಿವರಿಸತೊಡಗಿದ. ಮುಚ್ಚಳ ಹಾಕಿರುವವರೆಗೆ ಏನೂ ಗೊತ್ತಾಗುವುದಿಲ್ಲ. ಹಬೆ ಒಳಗೆ ಕತ್ತಿನವರೆಗೆ ತುಂಬಿಕೊಂಡು ಕಾಯುತ್ತಿರುತ್ತದೆ. ಮುಚ್ಚಳ ಸರಿಸಿದ ಕ್ಷಣ ಉಕ್ಕಿದ ಹಾಲಿನ ಹಾಗೆ ಅಂಚು ದಾಟಿ ಕೆಳಗೆ ಇಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನೆಲದ ಮೇಲೆ ಹರಿದು ಎದುರಿನ ಗೋಡೆ ಮುಟ್ಟಲು ಅರ್ಧ ನಿಮಿಷ.

"ಪೈಪಿಗೆ ತಾಗಿದ ತಕ್ಷಣ ಜ್ವಾಲೆ ಬಂದ ದಾರೀಲೇ ವಾಪಸ್ ಓಡುತ್ತೆ," ಎಂದ. ಅವನ ಮುಖದಲ್ಲಿ ಮೇಷ್ಟ್ರ ಉತ್ಸಾಹವಿತ್ತು. "ಮುಚ್ಚಳ ಎತ್ತಿದವಳಿಗೆ ತಿರುಗಿ ನೋಡೋಕೂ ಹೊತ್ತಿರಲ್ಲ."

ಫೋರ್ಕು ತಟ್ಟೆಯ ಅಂಚಿನಲ್ಲಿ ನಿಂತಿತು.

"ಎತ್ತಿದವಳಿಗೆ?" ಎಂದಳು ನೆವೆಂಕಾ.

"ಎತ್ತಿದವನಿಗೆ."

"ನೀವು ಎತ್ತಿದವಳಿಗೆ ಅಂದ್ರಿ."

"ಮಾತಿನ ಭರದಲ್ಲಿ ಬಂತು. ಯಾರಾದ್ರೂ ಅಂತ."

ನೆವೆಂಕಾ ಚೀಲದಿಂದ ಕಾಗದದ ಪೊಟ್ಟಣ ತೆಗೆದು ಮೀನಿನ ಡಬ್ಬಿಯ ಪಕ್ಕದಲ್ಲೇ ಬಿಚ್ಚಿದಳು. ಹಿತ್ತಾಳೆ ಸರಪಳಿ. ಸೀಸೆಯ ಕತ್ತು. ಜೊತೆಗೆ ಬಂದ ವಾಸನೆಗೆ ಶ್ಕೋರಿಚ್ ಮುಖ ಕಿವುಚಿದ. ಆ ಕೋಣೆಗೆ ಅದು ಮೊದಲ ಸಲ ಬಂದಿರಬೇಕು.

"ಇದೇನು?"

"ಸ್ಯಾಂಪಲ್ ತೆಗೆಯೋ ಸೀಸೆ."

"ಸ್ಯಾಂಪಲ್ ತೆಗೆಯೋದು ಉಗ್ರಾಣದವನ ಕೆಲಸಾನಾ?"

ಅವನು ಮೀನಿನ ಡಬ್ಬಿಯನ್ನು ಸರಪಳಿಯಿಂದ ದೂರ ಸರಿಸಿದ.

"ಬುಧವಾರ ಹನ್ನೊಂದು ಗಂಟೆಗೆ ಆ ಮುಚ್ಚಳ ಎತ್ತೋದು ಯಾರ ಕೆಲಸ, ಕಾಮ್ರೇಡ್ ಎಂಜಿನಿಯರ್? ಈ ಕಾರ್ಖಾನೆಯಲ್ಲಿ ಆ ನೆಲಮಾಳಿಗೆಗೆ ಇಳಿಯೋ ಹೆಂಗಸರು ಎಷ್ಟು ಜನ?"

"ಒಬ್ಬಳು," ಎಂದ ಶ್ಕೋರಿಚ್. ದನಿ ಸಣ್ಣಗಾಗಿತ್ತು.

ನೆವೆಂಕಾಳಿಗೆ ನಲ್ಲಿಯ ಬಳಿ ಅದುರಿದ ಆ ಗಲ್ಲ ಅರ್ಥವಾಯಿತು. ಆಸ್ಪತ್ರೆಯಿಂದ ಕರೆ ಬರದಿದ್ದರೆ ಬುಧವಾರ ಕೆಳಗಿಳಿಯಬೇಕಾಗಿದ್ದವಳು ರಾದೊಯ್ಕಾ. ಅವಳ ಬದಲಿಗೆ ತಿಹೊಮಿರ್ ಸೀಸೆ ಹಿಡಿದು ಹೋಗಿದ್ದ. ಎರಡು ದಿನದಿಂದ ಅವಳು ಸತ್ತವನ ಶತ್ರುಗಳನ್ನು ಹುಡುಕುತ್ತಿದ್ದಳು. ಸತ್ತವನಿಗೆ ಶತ್ರುಗಳೇ ಇರಲಿಲ್ಲ.

ಆಮೇಲೆ ಅವನಿಂದ ಮಾತು ತೆಗೆಯುವುದು ಕಷ್ಟವಾಗಲಿಲ್ಲ. ಬೆವರು ಅವನ ಬಿಳಿ ಕಾಲರನ್ನು ಹಳದಿ ಮಾಡಿತು. ರಾದೊಯ್ಕಾ ಬೇಸಿಗೆಯಿಂದ ಯಾರಿಗೂ ಹೇಳದೆ ನೂಲಿನ ವಿಭಾಗದ ಗಾಳಿ ಅಳೆದಿದ್ದಳಂತೆ. ಕಾನೂನಿನ ಮಿತಿಯ ಒಂಬತ್ತು ಪಟ್ಟು ವಿಷ. ಜೊತೆಗೆ ಮೂವತ್ತೊಂದು ಹೆಸರು: ಹುಚ್ಚು ಹಿಡಿದವರು, ಕೈಕಾಲು ಬಿದ್ದುಹೋದವರು, ನಲವತ್ತಕ್ಕೇ ಎದೆ ಒಡೆದು ಸತ್ತವರು. ಅವರ ಕಾಗದಗಳಲ್ಲೆಲ್ಲ ಕುಡುಕ ಎಂದೇ ಬರೆದಿತ್ತು. ಸೋಮವಾರ ಆ ಪಟ್ಟಿಯನ್ನು ಇವನ ಮೇಜಿನ ಮೇಲಿಟ್ಟು, ಶನಿವಾರದೊಳಗೆ ಉತ್ತರ ಬರದಿದ್ದರೆ ಬೆಲ್‌ಗ್ರೇಡಿಗೆ ಹೋಗುತ್ತೇನೆ ಎಂದಿದ್ದಳು.

ಆ ರಾತ್ರಿಯ ಊಟದಲ್ಲಿ ಇವನು ನಾಲ್ಕು ಜನರ ಮುಂದೆ ಅದನ್ನು ಹೇಳಿಕೊಂಡಿದ್ದ. ಈ ಹೆಂಗಸು ನಮ್ಮೆಲ್ಲರನ್ನೂ ಮುಳುಗಿಸುತ್ತಾಳೆ ಎಂದಿದ್ದ. ಅವರಲ್ಲೊಬ್ಬರು ಚಿಂತೆ ಬಿಡು ಎಂದಿದ್ದರು. ಯಾರು ಎಂದು ಹೇಳಲು ಅವನು ಒಪ್ಪಲಿಲ್ಲ. ಹೇಳಿದರೆ ತನಗೂ ಅದೇ ಗತಿ ಎಂದು ಕೈ ಹಿಸುಕಿಕೊಂಡ.

"ಪೈಪಿನ ಸುತ್ತು ಕೊಯ್ದಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

ಅವನು ಎಣ್ಣೆ ಹತ್ತಿದ ಕರವಸ್ತ್ರದಿಂದ ಹಣೆ ಒರೆಸಿಕೊಂಡ.

"ಬುಧವಾರ ಒಂಬತ್ತಕ್ಕೆ. ಬೆಳಗಿನ ಸುತ್ತು ಹಾಕೋವಾಗ ನೋಡ್ದೆ."

"ನೋಡಿ?"

"ಮೇಲೆ ಬಂದೆ."

"ಬಂದು?"

"ಕಾಫಿ ತರಿಸ್ಕೊಂಡೆ."

ನೆವೆಂಕಾ ಹದಿಮೂರು ವರ್ಷದ ನೌಕರಿಯಲ್ಲಿ ಹೆಂಡತಿಯನ್ನು ಕೊಡಲಿಯಿಂದ ಕಡಿದವನನ್ನು ಕಂಡಿದ್ದಳು, ಹೆತ್ತ ಕೂಸನ್ನು ಬಾವಿಗೆ ಹಾಕಿದವಳನ್ನು ಕಂಡಿದ್ದಳು. ಅವರ ಎದುರು ಕೂತಾಗ ಸಿಟ್ಟು ಬಂದಿತ್ತು, ಅಳು ಬಂದಿತ್ತು. ಈಗ ಬಂದದ್ದು ಬರೀ ಹೇಸಿಗೆ. ಚಪ್ಪಲಿಯಡಿ ಮೆತ್ತನೆಯದೇನೋ ಸಿಕ್ಕಾಗ ಆಗುವಂಥದ್ದು. ನೆಲಮಾಳಿಗೆಯ ನಾತವಾದರೂ ನೀರು ಬಿದ್ದರೆ ಒಂದು ದಿನ ಹೋದೀತು. ಎರಡು ತಾಸು ಸುಮ್ಮನೆ ಕೂತು ಗಡಿಯಾರ ನೋಡಿದ ಈ ಮನುಷ್ಯನನ್ನು ಯಾವ ನೀರಿನಿಂದ ತೊಳೆಯುವುದು?

"ಅವಳು ಇಳೀತಾಳೆ ಅಂತ ಗೊತ್ತಿದ್ದೂ ಕಾಫಿ ಕುಡಿದ್ರಿ," ಎಂದಳು.

"ನಾನು ಏನೂ ಮಾಡ್ಲಿಲ್ಲ."

"ಹೌದು. ನೀವು ಏನೂ ಮಾಡ್ಲಿಲ್ಲ."

ಅವಳು ಅವನ ಮೇಜಿನ ಫೋನೆತ್ತಿಕೊಂಡಳು. ರಿಸೀವರಿಗೂ ಮೀನೆಣ್ಣೆಯ ಜಿಡ್ಡು ಹತ್ತಿತ್ತು. ಕಿವಿಯಿಂದ ಒಂದಿಷ್ಟು ದೂರವೇ ಹಿಡಿದು ಪ್ರಯೋಗಶಾಲೆ ಕೇಳಿದಳು. ರಾದೊಯ್ಕಾಳನ್ನು ಈಗಿಂದೀಗಲೇ ಠಾಣೆಗೆ ಕರೆದೊಯ್ದು ಗಾವ್ರಿಲೊನ ಕಾವಲಿನಲ್ಲಿ ಕೂರಿಸಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು.

ಸೀಸೆ ತೊಳೆಯುವ ಮುದುಕಿ ಯೆವ್ರೊಸಿಮಾ ಫೋನೆತ್ತಿದಳು. ಇನ್‌ಸ್ಪೆಕ್ಟರ್ ಎಂದು ಹೇಳಿದ ಮೇಲೂ ಮಗಳೇ ಎಂದೇ ಮಾತಾಡಿಸಿದಳು.

"ರಾದೊಯ್ಕಾ ಇಲ್ಲ ಮಗಳೇ. ಈಗ ತಾನೇ ಮೂರನೇ ನೆಲಮಾಳಿಗೆಗೆ ಹೋದ್ಳು. ನೀರು ಎಷ್ಟಿದೆ ನೋಡಿ ಸ್ಯಾಂಪಲ್ ತಗೊಂಡು ಬರ್ಬೇಕು ಅಂತ ಎಂಜಿನಿಯರ್ ಚೀಟಿ ಕಳ್ಸಿದ್ರು. ಇವತ್ತು ಅದರ ದಿನವೇ ಅಲ್ಲ, ಆದ್ರೂ ಮೊನ್ನೆ ಹಾಗಾದ್ಮೇಲೆ ನೋಡೋದು ಒಳ್ಳೇದೇ ಅಂದ್ಲು."

ನೆವೆಂಕಾ ಶ್ಕೋರಿಚ್‌ನ ಕಡೆ ನೋಡಿದಳು. ರಿಸೀವರಿನಿಂದ ಮುದುಕಿಯ ದನಿ ಅವನಿಗೂ ಕೇಳಿಸಿತ್ತು. ಅವನ ಮುಖದಲ್ಲಿದ್ದ ರಕ್ತವೆಲ್ಲ ಎಲ್ಲೋ ಇಳಿದುಹೋಗಿತ್ತು.

"ನಾನು ಚೀಟಿ ಬರೆದಿಲ್ಲ," ಎಂದ.

ಅವನು ಹೇಳಿದ ಮಾತುಗಳಲ್ಲಿ ಇದಂತೂ ನಿಜವೆಂದು ಅವಳಿಗೆ ಅನ್ನಿಸಿತು.

"ಮೂರನೇ ನೆಲಮಾಳಿಗೇಲೂ ಹಬೆ ಪೈಪು ಇದೆಯಾ?"

ಅವನು ತಲೆಯಾಡಿಸಿದ. ಇತ್ತು.

"ಅಜ್ಜಿ, ಚೀಟಿ ತಂದವರು ಯಾರು?"

"ತಿಹೊಮಿರ್‌ನ ಹೆಂಡತಿ ಕೊಸಾರಾ. ಮಣ್ಣಾಗಿ ಇನ್ನೂ ಒಂದು ದಿನ ಆಗಿಲ್ಲ ಪಾಪ, ಕಪ್ಪು ಬಟ್ಟೇಲೇ ಬಂದಿದ್ಲು. ನಿನ್ನ ಬದಲಿಗೆ ನನ್ನ ಗಂಡ ಸತ್ತ, ಅಂಥ ಜಾಗ ನಾನೂ ನೋಡ್ಬೇಕು ಅಂದ್ಲು. ಇಬ್ರೂ ಕೈ ಹಿಡ್ಕೊಂಡೇ ಹೋದ್ರು."

ನೆವೆಂಕಾ ಫೋನು ಬಿಟ್ಟು ಕಿಟಕಿಗೆ ಹಾರಿದಳು. ಕೆಳಗೆ ಹಾಲಿನ ಸಾಲು ಕರಗಿತ್ತು. ಅಂಗಳದ ಆಚೆ ತುದಿಯಲ್ಲಿ ಇಬ್ಬರು ಹೆಂಗಸರು ಮೂರನೇ ನೆಲಮಾಳಿಗೆಯ ಕಬ್ಬಿಣದ ಬಾಗಿಲ ಮುಂದೆ ನಿಂತಿದ್ದರು. ಒಬ್ಬಳ ಕೈಯಲ್ಲಿ ಸರಪಳಿಯ ಸೀಸೆ. ಇನ್ನೊಬ್ಬಳು ತಲೆಯಿಂದ ಕಾಲಿನವರೆಗೆ ಕಪ್ಪು.

ಅವಳು ಕಿಟಕಿಯ ಹಿಡಿ ಎಳೆದಳು. ಅದು ಅಲುಗಲಿಲ್ಲ. ಕೆಳಗಿನ ವಾಸನೆ ಮೇಲೆ ಬಾರದಿರಲೆಂದು ಶ್ಕೋರಿಚ್ ಚೌಕಟ್ಟಿಗೆ ಸುತ್ತಲೂ ಮೊಳೆ ಹೊಡೆಸಿದ್ದ. ಮುಷ್ಟಿಯಿಂದ ಗಾಜು ಬಡಿದಳು, ಹೆಸರು ಹಿಡಿದು ಕೂಗಿದಳು. ಯಂತ್ರಗಳ ಮೊರೆತದಲ್ಲಿ ಕೆಳಗಿದ್ದವರು ಯಾರೂ ತಲೆಯೆತ್ತಲಿಲ್ಲ.

ರಾದೊಯ್ಕಾ ಬಾಗಿಲು ತೆರೆದು ಮೆಟ್ಟಿಲಿಳಿದಳು.

ಕೊಸಾರಾ ಅವಳ ಹಿಂದೆ ಹೋಗಲಿಲ್ಲ. ಒಂದು ಕ್ಷಣ ಹೊಸ್ತಿಲಲ್ಲೇ ನಿಂತು ಒಳಗಿನ ಕತ್ತಲೆಯನ್ನು ನೋಡಿದಳು. ಆಮೇಲೆ ಎರಡೂ ಕೈಯಿಂದ ಆ ಭಾರದ ಬಾಗಿಲನ್ನು ಹೊರಗಿನಿಂದ ಎಳೆದು, ಅಗುಳಿ ಹಾಕಿದಳು.